ಕಿವಿ ಮಂದವಾದ ಮಾಜಿ ಸೈನಿಕರ ಡಿಸೆಬಿಲಿಟಿ ಪೆನ್ಷನ್: ಮೇಲ್ಮನವಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಿಲಿಟ್ರಿಯಲ್ಲಿ ಕ್ಲರ್ಕ್ ಆಗಿದ್ದು ಬಂದವನು. ಊರಿಗೆ ಬಂದ ಮೇಲೂ ಕಾಗದ ಪತ್ರ ನನ್ನನ್ನು ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಯಾರಾದರೂ ಒಬ್ಬರು ಪ್ಲಾಸ್ಟಿಕ್ ಕವರ್ ಹಿಡಿದು ಜಗುಲಿ ಮೇಲೆ ಬಂದು ಕೂರುತ್ತಾರೆ. ಅವರಲ್ಲಿ ಕಿವಿ ಕೇಸುಗಳೇ ಜಾಸ್ತಿ. ಬಂದವರು ಯಾವ ಕಡೆ ಕೂರುತ್ತಾರೆ ಅನ್ನುವುದರಲ್ಲೇ ಯಾವ ಕಿವಿ ಹೋಗಿದೆ ಅಂತ ಗೊತ್ತಾಗಿಬಿಡುತ್ತದೆ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಇದು ಭೂಸೇನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನೌಕಾಪಡೆ, ವಾಯುಪಡೆಯವರಿಗೂ ದಾರಿ ಹೆಚ್ಚುಕಮ್ಮಿ ಇದೇ.

ಸದ್ದು ಕೇಳಿಸುತ್ತದೆ, ಮಾತು ಮಾತ್ರ ಅರ್ಥವಾಗುವುದಿಲ್ಲ. ಇದನ್ನೂ ಕಿವುಡು ಅನ್ನುತ್ತಾರಾ?

ಅನ್ನುತ್ತಾರೆ. ಗುಂಡಿನ ಸದ್ದಿಗೆ ಕೆಟ್ಟ ಕಿವಿಯ ಗುಣವೇ ಇದು. ಮೊದಲು ಹೋಗುವುದು ಎತ್ತರದ ಸ್ವರಗಳು. ದಪ್ಪ ಸ್ವರಗಳು ಉಳಿಯುತ್ತವೆ. ಸ, ಶ, ತ, ಪ ಇಂಥ ಅಕ್ಷರಗಳು ಜಾರಿ ಹೋಗುತ್ತವೆ. ಹೆಂಡತಿ 'ಸೊಪ್ಪು ತನ್ನಿ' ಅಂದರೆ ಇವರು ಉಪ್ಪು ತಂದಿರುತ್ತಾರೆ. ನಮ್ಮ ಕಡೆಯ ಒಬ್ಬ ಸುಬೇದಾರರು ನಿಜವಾಗಿಯೂ ಎರಡು ಸಲ ಹೀಗೆ ಮಾಡಿ, ಮೂರನೇ ಸಲ ಕಿವಿ ಪರೀಕ್ಷೆಗೆ ಹೋದರು.

ಲೆಕ್ಕಕ್ಕೆ ಹೇಳುವುದಾದರೆ, ನಾವು ಮಾತಾಡುವುದು ಸುಮಾರು 60 ಡೆಸಿಬಲ್. ರೈಫಲ್ ಹಾರಿಸಿದವನ ಕಿವಿ ಹತ್ತಿರ ಒಂದು ಕ್ಷಣ 150 ಡೆಸಿಬಲ್ ದಾಟುತ್ತದೆ. ತೋಪಿನ ಪಕ್ಕ ನಿಂತವರ ಕಥೆ ಹೇಳುವುದೇ ಬೇಡ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ನನ್ನ ಕ್ಲೇಮ್ ವಾಪಸ್ ಬಂದಿದೆ. ಈಗ ಮೊದಲು ಏನು ಮಾಡಬೇಕು?

ಬೈಯುವುದನ್ನು ನಿಲ್ಲಿಸಿ ಪತ್ರವನ್ನು ಇನ್ನೊಂದು ಸಲ ಓದಿ. ನಾನು ಎಲ್ಲರಿಗೂ ಹೇಳುವುದು ಇದೊಂದೇ: ನಿಮ್ಮ ಬಾಗಿಲಿಗೆ ಯಾವ ಬೀಗ ಬಿದ್ದಿದೆ ಅಂತ ನೋಡಿಕೊಳ್ಳಿ. ಬೀಗ ಎರಡು ಥರ.

ಒಂದು, ಕಾರಣದ ಬೀಗ. ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿಯಾದದ್ದೂ ಅಲ್ಲ ಎಂದು ಮೆಡಿಕಲ್ ಬೋರ್ಡ್, ಅಂದರೆ ಸೇನೆಯ ಡಾಕ್ಟರುಗಳ ಮಂಡಳಿ, ಬರೆದಿರುತ್ತದೆ. ಇದರ ಇಂಗ್ಲಿಷ್ (Neither Attributable Nor Aggravated) ಮೊದಲ ಅಕ್ಷರಗಳನ್ನು ಕೂಡಿಸಿ ನಮ್ಮವರು 'ನಾನಾ' ಅನ್ನುತ್ತಾರೆ. 'ಸಾರ್, ನನಗೆ ನಾನಾ ಹಾಕಿದ್ದಾರೆ' ಅಂತಲೇ ಬರುತ್ತಾರೆ.

ಎರಡು, ಪರ್ಸೆಂಟೇಜಿನ ಬೀಗ. ಕಾರಣ ಒಪ್ಪಿದ್ದಾರೆ, ಆದರೆ ನ್ಯೂನತೆ ಶೇ. 20ಕ್ಕಿಂತ ಕಡಿಮೆ ಎಂದಿದ್ದಾರೆ. 1961ರ ಪೆನ್ಷನ್ ರೆಗ್ಯುಲೇಷನ್‌ನಿಂದಲೂ ಡಿಸೆಬಿಲಿಟಿ ಪೆನ್ಷನ್ನಿಗೆ ಶೇ. 20 ಹೊಸ್ತಿಲು.

ಕೆಲವರಿಗೆ ಎರಡೂ ಬಿದ್ದಿರುತ್ತವೆ. ಒಂದು ಬೀಗಕ್ಕೆ ಇನ್ನೊಂದರ ಕೀಲಿ ಹಾಕಿದರೆ ವರ್ಷಗಟ್ಟಲೆ ತಿರುಗಿಸಿದರೂ ತೆರೆಯುವುದಿಲ್ಲ. ಪರ್ಸೆಂಟೇಜ್ ಕಡಿಮೆ ಎಂದು ವಾಪಸ್ ಬಂದ ಕೇಸಿಗೆ 'ನಾನು ತೋಪಿನ ಹತ್ತಿರ ಹದಿನೈದು ವರ್ಷ ನಿಂತಿದ್ದೆ' ಎಂದು ನಾಲ್ಕು ಪುಟ ಬರೆದವರನ್ನು ನೋಡಿದ್ದೇನೆ. ಅದನ್ನು ಅವರು ಆಗಲೇ ಒಪ್ಪಿಯಾಗಿತ್ತು!

ಯಾವ ಕಾಗದಗಳು ಬೇಕು? ನನ್ನ ಹತ್ತಿರ ಡಿಸ್ಚಾರ್ಜ್ ಬುಕ್ ಬಿಟ್ಟರೆ ಏನೂ ಇಲ್ಲ.

ಮುಖ್ಯವಾದದ್ದು ರಿಲೀಸ್ ಮೆಡಿಕಲ್ ಬೋರ್ಡ್ ವರದಿ, ಅಂದರೆ ಸೇವೆಯಿಂದ ಬಿಡುವಾಗ ಆದ ಪರೀಕ್ಷೆಯದು. ಫಾರ್ಮ್ ಹೆಸರು ಎಎಫ್‌ಎಂಎಸ್‌ಎಫ್-16. ಇಡೀ ಕೇಸು ನಿಲ್ಲುವುದೇ ಇದರ ಮೇಲೆ. ಆಮೇಲೆ ಸೇರುವಾಗ ಆದ ಮೆಡಿಕಲ್ ಪರೀಕ್ಷೆಯ ಪ್ರತಿ, ಸೇವೆಯಲ್ಲಿದ್ದಾಗ ಮೆಡಿಕಲ್ ಕ್ಯಾಟೆಗರಿ ಇಳಿಸಿದ ಬೋರ್ಡಿನ ಪ್ರತಿಗಳು, ಆಸ್ಪತ್ರೆಗೆ ಸೇರಿದ್ದರೆ ಆ ದಾಖಲೆ, ಆಡಿಯೋಗ್ರಾಂಗಳು (ಕಿವಿ ಪರೀಕ್ಷೆಯ ಗ್ರಾಫುಗಳು). ಯಾವುದಾದರೂ ಸ್ಫೋಟದಲ್ಲಿ ಕಿವಿ ತಮಟೆ ಒಡೆದಿದ್ದರೆ ಇಂಜುರಿ ರಿಪೋರ್ಟ್, ಅಂದರೆ ಐಎಎಫ್‌ವೈ-2006.

ಇವನ್ನು ನಿಮ್ಮ ರೆಕಾರ್ಡ್ ಆಫೀಸಿನಿಂದ ಕೇಳಿ. ಎಂಇಜಿ, ಎಎಸ್‌ಸಿ, ಪ್ಯಾರಾಚೂಟ್ ರೆಜಿಮೆಂಟಿನವರಿಗೆ ಬೆಂಗಳೂರಿನಲ್ಲೇ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ. ಆರ್ಟಿಲರಿಯವರು ನಾಸಿಕ್ ರೋಡಿಗೆ, ಇಎಂಇಯವರು ಸಿಕಂದರಾಬಾದಿಗೆ ಬರೆಯಬೇಕು. ಸುಮ್ನೆ ಪತ್ರ ಬರೆದು ಕಾಯುವುದಕ್ಕಿಂತ ಆರ್‌ಟಿಐ ಅರ್ಜಿ ಹಾಕಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, 30 ದಿನದೊಳಗೆ ಉತ್ತರ ಕೊಡಬೇಕು. ಆರ್ಮಿ ನಂಬರ್, ರ‍್ಯಾಂಕ್, ಡಿಸ್ಚಾರ್ಜ್ ತಾರೀಖು ಸರಿಯಾಗಿ ಬರೆಯಿರಿ. 'ನನ್ನ ಎಲ್ಲ ದಾಖಲೆ ಕೊಡಿ' ಅನ್ನಬೇಡಿ. ಬೇಕಾದ ಕಾಗದಗಳ ಹೆಸರನ್ನು ಒಂದೊಂದಾಗಿ ಬರೆಯಿರಿ.

'ನಾನಾ' ಹಾಕಿದ್ದಾರೆ. ಸೇವೆಯಿಂದಲೇ ಬಂತು ಎಂದು ನಾನು ಹೇಗೆ ಸಾಬೀತು ಮಾಡಲಿ?

ಇಲ್ಲೇ ಹೆಚ್ಚಿನವರು ಸೋತು ಕೂರುವುದು. ನಿಜ ಏನೆಂದರೆ, ಸಾಬೀತು ಮಾಡುವ ಭಾರ ಮೊದಲಿಗೆ ನಿಮ್ಮ ಮೇಲಿಲ್ಲ.

2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಧರಮ್‌ವೀರ್ ಸಿಂಗ್ ಕೇಸಿನಲ್ಲಿ ತೀರ್ಪು ಕೊಟ್ಟಿತು. ಆತ ಸಿಗ್ನಲ್ಸ್‌ನವರು, 1985ರಲ್ಲಿ ಸೇರಿದ್ದವರು. ಕಾಯಿಲೆ ಕಿವಿಯದಲ್ಲ, ಫಿಟ್ಸ್. ಶೇ. 20 ಎಂದು ಬರೆದು, ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಮನೆಗೆ ಕಳಿಸಿದ್ದರು. 1982ರ ಎಂಟೈಟಲ್‌ಮೆಂಟ್ ರೂಲ್ಸ್ (ಯಾರಿಗೆ ಈ ಪೆನ್ಷನ್ನಿನ ಹಕ್ಕಿದೆ ಎಂದು ಹೇಳುವ ನಿಯಮಗಳು) ಮುಂದಿಟ್ಟುಕೊಂಡು ಕೋರ್ಟ್ ಹೇಳಿದ್ದರ ಸಾರ ಇಷ್ಟು. ಸೇರುವಾಗ ಕಾಯಿಲೆ ಇತ್ತು ಎಂದು ಬರೆದಿಲ್ಲದಿದ್ದರೆ ಆತ ಆಗ ಚೆನ್ನಾಗಿದ್ದ ಎಂದೇ ತಿಳಿಯಬೇಕು. ಆಮೇಲೆ ಆರೋಗ್ಯ ಕೆಟ್ಟು ಕಳಿಸಿದರೆ ಅದು ಸೇವೆಯಿಂದ ಆದದ್ದು ಎಂದು ಭಾವಿಸಬೇಕು. ಅಲ್ಲ ಅನ್ನುವುದಾದರೆ ಸಾಬೀತು ಮಾಡುವುದು ಇಲಾಖೆಯ ಕೆಲಸ. ಸಂಶಯ ಇದ್ದರೆ ಅದರ ಲಾಭ ಸೈನಿಕನಿಗೆ. ಸೇರುವಾಗ ಪರೀಕ್ಷೆಯಲ್ಲಿ ಕಾಯಿಲೆ ಯಾಕೆ ಸಿಗಲಿಲ್ಲ ಎಂಬುದಕ್ಕೆ ಬೋರ್ಡ್ ಕಾರಣ ಬರೆಯಬೇಕು. 2015ರ ರಾಜ್‌ಬೀರ್ ಸಿಂಗ್ ಕೇಸಿನಲ್ಲೂ ಇದನ್ನೇ ಹೇಳಿದೆ.

ಕಿವಿ ಕೇಸಿನಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಭರ್ತಿ ದಿನ ನೆನಪಿದೆಯಾ? ಡಾಕ್ಟರಿಗೆ ಬೆನ್ನು ಹಾಕಿ ನಿಲ್ಲಿಸಿ, 610 ಸೆಂಟಿಮೀಟರ್ ದೂರದಿಂದ ಪಿಸುಗುಟ್ಟಿ, ಹೇಳಿದ್ದನ್ನು ತಿರುಗಿ ಹೇಳು ಅಂದಿದ್ದರು. ಒಂದು ಕಿವಿ ಮುಚ್ಚಿ, ಆಮೇಲೆ ಇನ್ನೊಂದು. ಅದರಲ್ಲಿ ಪಾಸಾಗಿದ್ದಕ್ಕೇ ನೀವು ಶೇಪ್-1, ಅಂದರೆ ಪೂರ್ತಿ ಫಿಟ್ ಎಂಬ ಮೆಡಿಕಲ್ ದರ್ಜೆಯಲ್ಲಿ ಒಳಗೆ ಹೋದದ್ದು. ಶೇಪ್‌ನ ಎರಡನೇ ಇಂಗ್ಲಿಷ್ ಅಕ್ಷರ 'ಎಚ್' ಅಂದರೆ ಹಿಯರಿಂಗ್, ಶ್ರವಣ. ಅಂದರೆ ಸೇರುವಾಗ ಕಿವಿ ಸರಿಯಿತ್ತು ಅನ್ನುವುದಕ್ಕೆ ಅವರದೇ ಸಹಿ ಇದೆ.

ಈಗ ಬೋರ್ಡ್ ವರದಿ ತೆಗೆದು 'ನಾನಾ' ಎಂಬುದರ ಮುಂದೆ ಏನು ಕಾರಣ ಬರೆದಿದ್ದಾರೆ ನೋಡಿ. ಬಹಳ ಸಲ ಒಂದೇ ಸಾಲು ಇರುತ್ತದೆ. 'ಸೇವೆಗೆ ಸಂಬಂಧವಿಲ್ಲ' ಅಷ್ಟೇ. ಅದು ಕಾರಣವಲ್ಲ, ತೀರ್ಮಾನ. ನಿಮ್ಮ ಮೇಲ್ಮನವಿ ಹೊಡೆಯಬೇಕಾದದ್ದು ಆ ಒಂದು ಸಾಲನ್ನು.

ಹಾಗಂತ ಧರಮ್‌ವೀರ್ ಸಿಂಗ್ ಹೆಸರು ಬರೆದ ತಕ್ಷಣ ಪೆನ್ಷನ್ ಬರುವುದಿಲ್ಲ. 2019ರ ನರಸಿಂಗ್ ಯಾದವ್ ಕೇಸಿನಲ್ಲಿ ಅದೇ ಕೋರ್ಟ್ ಪೆನ್ಷನ್ ಕೊಡಲಿಲ್ಲ. ಪ್ರತಿ ಕಾಯಿಲೆಯನ್ನೂ ಅದರ ಸ್ವಭಾವ ನೋಡಿಯೇ ತೂಗುತ್ತಾರೆ. ಹಾಗಾಗಿ ನಿಮ್ಮ ಕೆಲಸ ಏನಿತ್ತು ಎಂದು ಬರೆಯಲೇಬೇಕು: ಗನ್ ನಂಬರ್ (ತೋಪು ಹಾರಿಸುವ ಸಿಬ್ಬಂದಿ), ಟ್ಯಾಂಕ್ ಸಿಬ್ಬಂದಿ, ಜನರೇಟರ್ ರೂಮು, ಮಾರ್ಟರ್ ಪ್ಲಟೂನ್, ಏರ್‌ಫೀಲ್ಡ್.

ಕಾಯಿಲೆ ಶುರುವಾದದ್ದು ಪೀಸ್ ಸ್ಟೇಷನ್ನಿನಲ್ಲಿ, ಅದಕ್ಕೇ ಕೊಡುವುದಿಲ್ಲ ಅಂದಿದ್ದಾರೆ. ಸರಿನಾ?

ಪೀಸ್ ಸ್ಟೇಷನ್, ಅಂದರೆ ಗಡಿ, ಕಾರ್ಯಾಚರಣೆಯಿಂದ ದೂರದ ಶಾಂತಿಯ ಠಾಣೆಯಲ್ಲಿ ತೋಪು ಮೌನವ್ರತ ಮಾಡುತ್ತದಾ? ದೇವಳಾಲಿ, ಮಹಾಜನ್, ಪೋಖ್ರಾನ್ ರೇಂಜುಗಳಲ್ಲಿ ಹಾರಿದಷ್ಟು ಗುಂಡು ಎಷ್ಟೋ ಫೀಲ್ಡ್ ಪೋಸ್ಟಿಂಗಿನಲ್ಲಿ ಹಾರಿರುವುದಿಲ್ಲ. ಜೊತೆಗೆ ಈ ಕಿವುಡು ಒಂದೇ ದಿನ ಬರುವುದೂ ಅಲ್ಲ. ಪರೀಕ್ಷೆಯಲ್ಲಿ ಸಿಕ್ಕ ತಾರೀಖು ಬೇರೆ, ಕೆಟ್ಟ ಕಾಲ ಬೇರೆ. ನಿಮ್ಮ ಪೋಸ್ಟಿಂಗ್ ಪಟ್ಟಿ, ಫೈರಿಂಗ್ ಕ್ಯಾಂಪುಗಳ ವರ್ಷ ಬರೆದು ಇದನ್ನು ಹೇಳಿ.

ವಯಸ್ಸಿನಿಂದ ಬಂದ ಕಿವುಡು ಎಂದು ಬರೆದಿದ್ದಾರೆ.

ಆಡಿಯೋಗ್ರಾಂ ನೋಡಿ. ಸದ್ದಿನಿಂದ ಕೆಟ್ಟ ಕಿವಿಯ ಗೆರೆ 4000 ಹರ್ಟ್ಸ್ ಆಸುಪಾಸಿನಲ್ಲಿ ಗುಂಡಿಗೆ ಬಿದ್ದ ಹಾಗೆ ಇಳಿದು, 8000ದಲ್ಲಿ ಸ್ವಲ್ಪ ಮೇಲೆ ಬರುತ್ತದೆ. ವಯಸ್ಸಿನ ಕಿವುಡಿನ ಗೆರೆ ಇಳಿಜಾರಿನ ಹಾಗೆ ಇಳಿಯುತ್ತಲೇ ಹೋಗುತ್ತದೆ. ಇನ್ನೊಂದು ಗುರುತು: ಬಲಗೈಯಲ್ಲಿ ರೈಫಲ್ ಹಾರಿಸುವವರಿಗೆ ಎಡ ಕಿವಿ ಹೆಚ್ಚು ಕೆಡುತ್ತದೆ. ಎಡ ಕಿವಿ ನಳಿಗೆಯ ಕಡೆಗಿರುತ್ತದೆ, ಬಲ ಕಿವಿಗೆ ತಲೆಯೇ ಅಡ್ಡ. ಇವು ನಿಮ್ಮ ಗ್ರಾಫಿನಲ್ಲಿ ಇದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಎರಡು ಸಾಲು ಅಭಿಪ್ರಾಯ ಬರೆಸಿಕೊಳ್ಳಿ. ಮೂವತ್ತೆಂಟು ವರ್ಷಕ್ಕೆ ಪೆನ್ಷನ್ ಬಂದವನಿಗೆ ವಯಸ್ಸಿನ ಕಿವುಡು ಅಂದರೆ ಯಾರು ನಂಬುತ್ತಾರೆ?

ಆದರೆ ಒಂದು ಮಾತು. ಸದ್ದಿನಿಂದ ಬರುವ ಕಿವುಡು, ಸದ್ದಿನಿಂದ ದೂರ ಬಂದ ಮೇಲೆ ಸಾಮಾನ್ಯವಾಗಿ ಅಷ್ಟಾಗಿ ಮುಂದುವರಿಯುವುದಿಲ್ಲ. ಸೇವೆಯಲ್ಲಿದ್ದಾಗ ಒಂದೂ ದಾಖಲೆ ಇಲ್ಲದೆ, ಬಂದು ಇಪ್ಪತ್ತು ವರ್ಷದ ಮೇಲೆ ಕಿವಿ ಹೋದವರ ಕೇಸು ಕಷ್ಟ. ಸುಳ್ಳು ಆಸೆ ಹುಟ್ಟಿಸುವುದು ನನಗೆ ಇಷ್ಟವಿಲ್ಲ.

ಕಿವಿ ಸೋರುವ ಕಾಯಿಲೆಗೂ ಸಿಗುತ್ತದಾ? ಗುಂಯ್ ಅನ್ನುವ ಸದ್ದಿಗೆ?

ಸೋರುವ ಕಿವಿಗೆ ಸೇವೆಯಲ್ಲಿ ಜಾಸ್ತಿಯಾಯಿತು ಎನ್ನುವ ವಾದ ಹೆಚ್ಚು ಹೊಂದುತ್ತದೆ: ಹಿಮ, ಧೂಳು, ಈಜು, ಸಮಯಕ್ಕೆ ಚಿಕಿತ್ಸೆ ಸಿಗದ ಪೋಸ್ಟು. ಪ್ಯಾರಾಟ್ರೂಪರ್‌ಗಳು, ವಿಮಾನ ಸಿಬ್ಬಂದಿ, ನೀರೊಳಗೆ ಇಳಿಯುವವರಾದರೆ ಗಾಳಿಯ ಒತ್ತಡದ ವಿಷಯ ಬರೆಯಿರಿ. 'ಜಾಸ್ತಿಯಾದದ್ದು' ಎಂದು ಒಪ್ಪಿದರೂ ಪೆನ್ಷನ್ ಸಿಗುತ್ತದೆ, 'ಅದರಿಂದಲೇ ಬಂದದ್ದು' ಆಗಬೇಕಿಲ್ಲ. ಗುಂಯ್ ಸದ್ದನ್ನು ಯಂತ್ರದಿಂದ ಅಳೆಯುವುದು ಕಷ್ಟ. ಅದಕ್ಕೇ ಸೇವೆಯಲ್ಲಿದ್ದಾಗಲೇ ಡಾಕ್ಟರಿಗೆ ಹೇಳಿ ಬರೆಸಿದ್ದರೆ ಬಂಗಾರ.

ಪರ್ಸೆಂಟೇಜ್ 20ಕ್ಕಿಂತ ಕಡಿಮೆ ಇದೆ. ರೌಂಡ್ ಮಾಡಿ 50 ಕೊಡುತ್ತಾರಂತೆ ಅಲ್ವಾ?

ಇಲ್ಲ. ವಾಟ್ಸಾಪಿನಲ್ಲಿ ಓಡಾಡುವ ಅತಿ ದೊಡ್ಡ ತಪ್ಪು ಇದು. 2019ರ ಡಿಸೆಂಬರ್ 11ರಂದು ವಿಂಗ್ ಕಮಾಂಡರ್ ಎಸ್.ಪಿ. ರಾಥೋಡ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಶೇ. 20 ಮುಟ್ಟದಿದ್ದರೆ ಡಿಸೆಬಿಲಿಟಿ ಹಣವೇ ಇಲ್ಲ, ಇನ್ನು ರೌಂಡಿಂಗ್ ಎಲ್ಲಿಂದ?

ಆದ್ದರಿಂದ ನೀವು ಪ್ರಶ್ನಿಸಬೇಕಾದದ್ದು ಆ ಅಂಕಿಯನ್ನೇ. ಹೊಸ ಆಡಿಯೋಗ್ರಾಂ ಲಗತ್ತಿಸಿ, ಮೇಲ್ಮನವಿ ಮೆಡಿಕಲ್ ಬೋರ್ಡ್ ಮುಂದೆ ಮತ್ತೆ ಪರೀಕ್ಷೆ ಮಾಡಿಸಿ ಎಂದು ಕೇಳಿ. ಬೋರ್ಡ್ ಒಂದು ಕಿವಿಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿದೆಯಾ, ಮಾತು ಗುರುತಿಸುವ ಪರೀಕ್ಷೆ ಮಾಡಿದೆಯಾ ನೋಡಿ.

ಒಂದು ವಿನಾಯಿತಿ ಉಂಟು. ಕಿವಿ ಕಾರಣಕ್ಕೇ ಅವಧಿಗೆ ಮುಂಚೆ ಬೋರ್ಡ್ ಔಟ್ ಮಾಡಿ ಕಳಿಸಿದ್ದರೆ, 2014ರ ಸುಖ್ವಿಂದರ್ ಸಿಂಗ್ ತೀರ್ಪು ನೋಡಿ. ಸೇವೆಯಿಂದಲೇ ತೆಗೆದುಹಾಕುವಷ್ಟು ನ್ಯೂನತೆ ಶೇ. 20ಕ್ಕಿಂತ ಮೇಲೆ ಇದೆ ಎಂದೇ ತಿಳಿಯಬೇಕು ಎಂದಿದೆ ಅದು.

ಶೇ. 20 ಒಪ್ಪಿದ್ದಾರೆ. ಕೈಗೆ ಎಷ್ಟು ಬರುತ್ತದೆ?

ಡಿಸೆಬಿಲಿಟಿ ಭಾಗದ ಲೆಕ್ಕ ಸುಲಭ. ನೂರಕ್ಕೆ ನೂರು ನ್ಯೂನತೆಗೆ ಕೊನೆಯ ಸಂಬಳದ ಶೇ. 30. ಅದಕ್ಕಿಂತ ಕಡಿಮೆಗೆ ಅದೇ ಪ್ರಮಾಣದಲ್ಲಿ. ಉದಾಹರಣೆಗೆ ಪೆನ್ಷನ್ನಿಗೆ ಲೆಕ್ಕ ಹಿಡಿಯುವ ಸಂಬಳ 40,000 ಇತ್ತು ಅನ್ನಿ. ನೂರಕ್ಕೆ 12,000. ಶೇ. 20ಕ್ಕೆ 2,400. ಮಾಮೂಲಿ ಪೆನ್ಷನ್ ಬೇರೆ, ಇದು ಅದರ ಮೇಲೆ. ಇದಕ್ಕೂ ತುಟ್ಟಿಭತ್ಯೆ ಸೇರುತ್ತದೆ.

ರೌಂಡಿಂಗ್ ಬರುವುದು ಇಲ್ಲಿ. 20ರಿಂದ 49ರವರೆಗೆ ಇದ್ದರೆ 50 ಎಂದು, 50ರಿಂದ 75ರವರೆಗೆ 75 ಎಂದು, 76ರ ಮೇಲೆ 100 ಎಂದು ಲೆಕ್ಕ. ಆಗ ಮೇಲಿನ 2,400 ಹೋಗಿ 6,000 ಆಗುತ್ತದೆ. ಸರ್ಕಾರ ಇದನ್ನು ಬೋರ್ಡ್ ಔಟ್ ಆದವರಿಗೆ ಮಾತ್ರ ಕೊಡುತ್ತಿತ್ತು. 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪಿನಿಂದ ಅವಧಿ ಮುಗಿಸಿ ಬಂದವರಿಗೂ ಬಾಗಿಲು ತೆರೆಯಿತು. ಆದರೂ ಎಷ್ಟೋ ಜನ ಟ್ರಿಬ್ಯುನಲ್‌ಗೆ ಹೋಗಿಯೇ ಪಡೆಯಬೇಕಾಗಿದೆ. ತೀರ್ಪು ಬಂದ ಮೇಲೂ ಒಬ್ಬೊಬ್ಬರಾಗಿ ಕೋರ್ಟು ಹತ್ತಬೇಕು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗದ ವಿಷಯ.

ಗಮನಿಸಿ: 2023ರ ಸೆಪ್ಟೆಂಬರ್ 21ರಿಂದ ಹೊಸ ಎಂಟೈಟಲ್‌ಮೆಂಟ್ ರೂಲ್ಸ್ ಬಂದಿವೆ. ಆ ತಾರೀಖಿನ ನಂತರ ಸೇನೆ ಬಿಟ್ಟು ಬಂದವರು ಹೊಸ ನಿಯಮವನ್ನೇ ಇಟ್ಟುಕೊಂಡು ನೋಡಬೇಕು. ಇಲ್ಲಿ ಹೇಳಿದ್ದು ಅದಕ್ಕೆ ಮುಂಚಿನವರಿಗೆ.

ಕಿವಿಗೆ 20, ಬಿಪಿಗೆ 30. ಒಟ್ಟು 50 ತಾನೇ?

ಕೂಡುವ ಲೆಕ್ಕ ಅಲ್ಲ. ಬೋರ್ಡ್ ಎಲ್ಲವನ್ನೂ ಸೇರಿಸಿ ಒಂದು ಒಟ್ಟು ಅಂಕಿ ಕೊಡುತ್ತದೆ, ಅದು ಸಾಮಾನ್ಯವಾಗಿ ಕೂಡಿದ್ದಕ್ಕಿಂತ ಕಡಿಮೆ ಇರುತ್ತದೆ. ಒಂದಕ್ಕೆ 'ನಾನಾ' ಹಾಕಿ ಇನ್ನೊಂದನ್ನು ಒಪ್ಪಿದ್ದಾರಾ ಎಂದು ಬೇರೆ ಬೇರೆಯಾಗಿ ನೋಡಿ.

ಹೊರಗೆ ಮಾಡಿಸಿದ ಕಿವಿ ಪರೀಕ್ಷೆಗೆ ಬೆಲೆ ಇದೆಯಾ?

ಬೋರ್ಡಿನ ಬದಲು ಅದು ನಡೆಯುವುದಿಲ್ಲ. ಆದರೆ ಮತ್ತೆ ಪರೀಕ್ಷೆ ಮಾಡಿ ಎಂದು ಕೇಳಲು ಆಧಾರವಾಗುತ್ತದೆ. ಅಂಗಡಿಯಲ್ಲಿ ಹಿಯರಿಂಗ್ ಏಡ್ ಮಾರುವವರು ಉಚಿತವಾಗಿ ಮಾಡುವ ಪರೀಕ್ಷೆ ಬೇಡ. ನಮ್ಮ ಪುಣ್ಯಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ಸರ್ಕಾರಿ ಸಂಸ್ಥೆಯ ಸೀಲಿನ ತೂಕವೇ ಬೇರೆ. ಪ್ಯೂರ್ ಟೋನ್ (ಬೇರೆ ಬೇರೆ ಸ್ವರ ಕೇಳಿಸಿ ನೋಡುವುದು), ಮಾತಿನ ಪರೀಕ್ಷೆ, ಬೆರಾ (ತಲೆಗೆ ತಂತಿ ಅಂಟಿಸಿ ನೋಡುವುದು) ಮೂರನ್ನೂ ಮಾಡಿಸಿಕೊಳ್ಳಿ.

ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ?

ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ. ರೆಕಾರ್ಡ್ ಆಫೀಸಿನ ಮೂಲಕ ಹೋಗುತ್ತದೆ, ಪ್ರಧಾನ ಕಚೇರಿಯ ಸಮಿತಿ ನೋಡುತ್ತದೆ. ಅಲ್ಲಿ ಆಗದಿದ್ದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು. ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ನಾವು ಎಎಫ್‌ಟಿ ಅನ್ನುವುದು. 2007ರ ಕಾಯ್ದೆಯಿಂದ ಬಂದದ್ದು. ಕರ್ನಾಟಕ ಕೊಚ್ಚಿ ಪೀಠಕ್ಕೆ ಸೇರುತ್ತದೆ.

ಕೊನೆಯ ಆದೇಶದಿಂದ ಆರು ತಿಂಗಳೊಳಗೆ ಅಲ್ಲಿಗೆ ಹೋಗಬೇಕು. ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರವೇ ಇಲ್ಲದಿದ್ದರೆ ಕಾಯುತ್ತ ಕೂರಬೇಕಿಲ್ಲ, ನೇರ ಹೋಗಬಹುದು. ಎಲ್ಲವನ್ನೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆ ಚಿಕ್ಕ ರಸೀದಿಯ ಶಾಯಿ ಎರಡು ವರ್ಷಕ್ಕೆ ಮಾಸಿ ಬಿಳಿ ಚೀಟಿ ಆಗುತ್ತದೆ. ಅವತ್ತೇ ಜೆರಾಕ್ಸ್ ಮಾಡಿಸಿ.

ಅರ್ಜಿ ಹೇಗೆ ಬರೆಯುವುದು?

ಎರಡು ಪುಟ ಸಾಕು. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲಿ. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಯಾರ ಹತ್ತಿರವಾದರೂ ಮಾಡಿಸಿದರೆ ವಿಷಯ ತಪ್ಪುವುದಿಲ್ಲ. ಒಂದು ಮಾದರಿ:

'ನಾನು ಸೇರುವಾಗ ಶೇಪ್-1 ಇದ್ದೆ, ಕಿವಿಯ ಬಗ್ಗೆ ಯಾವ ಟಿಪ್ಪಣಿಯೂ ಇಲ್ಲ, ಪ್ರತಿ ಲಗತ್ತಿಸಿದೆ. 16 ವರ್ಷ ಮೀಡಿಯಂ ರೆಜಿಮೆಂಟಿನಲ್ಲಿ ಗನ್ನರ್ ಆಗಿದ್ದೆ. ಕಿವಿ ಸಮಸ್ಯೆ ಮೊದಲು ದಾಖಲಾದದ್ದು ಇಂಥ ತಾರೀಖು, ಇಂಥ ಮಿಲಿಟರಿ ಆಸ್ಪತ್ರೆಯಲ್ಲಿ. ರಿಲೀಸ್ ಬೋರ್ಡ್ ಶೇ. 20 ಎಂದು ಒಪ್ಪಿದೆ, ಆದರೆ ಸೇವೆಗೆ ಸಂಬಂಧವಿಲ್ಲ ಎನ್ನಲು ಕಾರಣ ಕೊಟ್ಟಿಲ್ಲ. ಸೇರುವಾಗ ಕಾಯಿಲೆ ಯಾಕೆ ಪತ್ತೆಯಾಗಲಿಲ್ಲ ಎಂದೂ ಬರೆದಿಲ್ಲ.'

ಇಷ್ಟು ಬರೆದು, ಏನು ಬೇಕು ಎಂದು ಕೊನೆಗೆ ಕೇಳಿ. ಮಕ್ಕಳ ಫೀಸು, ಸಾಲ, ಮಳೆ ಬಾರದ ಕಥೆ ಬೇಡ. ಅದು ನಿಜವೇ ಇರಬಹುದು, ಆದರೆ ಓದುವವರು ಹುಡುಕುತ್ತಿರುವುದು ಅದನ್ನಲ್ಲ.

ನಾನು ಬಂದು ಹನ್ನೆರಡು ವರ್ಷ ಆಯ್ತು. ಈಗ ಹಾಕಬಹುದಾ?

ಹಾಕಬಹುದು. ಪೆನ್ಷನ್ ತಿಂಗಳು ತಿಂಗಳು ಸಿಗಬೇಕಾದದ್ದು, ತಪ್ಪೂ ತಿಂಗಳು ತಿಂಗಳು ಮುಂದುವರಿಯುತ್ತದೆ ಎಂದು ಕೋರ್ಟುಗಳು ನೋಡುತ್ತವೆ. ತಡಕ್ಕೆ ಕಾರಣ ಬರೆದು ಕ್ಷಮೆ ಅರ್ಜಿ ಜೊತೆಗಿಡಬೇಕು. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಹಿಂಬಾಕಿ ಬಹಳ ಸಲ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ನಿಲ್ಲುತ್ತದೆ. ಅಂದರೆ ನೀವು ಯೋಚಿಸುತ್ತ ಕೂತ ಪ್ರತಿ ತಿಂಗಳಿಗೂ ಬೆಲೆ ಇದೆ.

ವಕೀಲರು ಬೇಕೇ ಬೇಕಾ?

ಸಮಿತಿಗಳ ಹಂತದಲ್ಲಿ ಬೇಡ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಸಹಾಯ ಕೇಳಿ. ಎಎಫ್‌ಟಿಯಲ್ಲೂ ನೀವೇ ನಿಂತು ಹೇಳಲು ಕಾಯ್ದೆ ಅವಕಾಶ ಕೊಡುತ್ತದೆ, ಆದರೆ ಅಲ್ಲಿ ವಕೀಲರಿದ್ದರೆ ಒಳ್ಳೆಯದು. ಬರುವ ಹಿಂಬಾಕಿಯಲ್ಲಿ ಅರ್ಧ ಕೊಡಿ, ನಿಮ್ಮ ಎಟಿಎಂ ಕಾರ್ಡ್ ಕೊಡಿ, ಸ್ಪರ್ಶ್ (ಪೆನ್ಷನ್ ವೆಬ್‌ಸೈಟ್) ಪಾಸ್‌ವರ್ಡ್ ಕೊಡಿ ಅನ್ನುವ ದಲ್ಲಾಳಿ ಬಂದರೆ ಕಾಫಿ ಕೊಟ್ಟು ಕಳಿಸಿ.

ಅಂಗವಿಕಲರ ಕಾರ್ಡ್ ಇದೆ. ಅದನ್ನು ತೋರಿಸಿದರೆ ಸಾಲದಾ?

ಯುಡಿಐಡಿ ಕಾರ್ಡ್ ಬೇರೆ ಕಾನೂನು, 2016ರದ್ದು. ಅಲ್ಲಿ ಎರಡೂ ಕಿವಿಯಲ್ಲಿ 60 ಡೆಸಿಬಲ್ ನಷ್ಟದಿಂದ ಲೆಕ್ಕ ಶುರು. ಸೇನೆಯ ಬೋರ್ಡಿಗೆ ಆ ಪರ್ಸೆಂಟೇಜ್ ಕಟ್ಟುಪಾಡಲ್ಲ. ಇಲ್ಲಿ 20 ಸಿಕ್ಕವನಿಗೆ ಅಲ್ಲಿ ಕಾರ್ಡ್ ಸಿಗದೇ ಇರಬಹುದು.

ಯಜಮಾನರು ತೀರಿಕೊಂಡರು. ಕೇಸು ಮುಂದುವರಿಸಬಹುದಾ?

ಮುಂದುವರಿಸಬಹುದು, ತಾಯಿ. ಎಎಫ್‌ಟಿ ಕಾಯ್ದೆಯಲ್ಲೇ ವಾರಸುದಾರರು ಸೇರಿದ್ದಾರೆ. ಅವರು ಬದುಕಿದ್ದಾಗ ಬರಬೇಕಾಗಿದ್ದ ಬಾಕಿಯನ್ನು ಕೇಳಬಹುದು.

ನಾನು ಬಿಎಸ್‌ಎಫ್‌ನಲ್ಲಿದ್ದೆ.

ಬಿಎಸ್‌ಎಫ್, ಸಿಆರ್‌ಪಿಎಫ್‌ನವರಿಗೆ ಎಎಫ್‌ಟಿ ಇಲ್ಲ. ನಿಯಮವೂ ಬೇರೆ, ದಾರಿ ಹೈಕೋರ್ಟ್.

ಬೋರ್ಡ್ ಮುಂದೆ ಹೋಗುವ ದಿನ ಏನು ನೆನಪಿಡಬೇಕು?

ವಾರದ ಮೊದಲೇ ಕಿವಿಯ ಗುಗ್ಗೆ ತೆಗೆಸಿ. ಗುಗ್ಗೆ ಕಟ್ಟಿದ್ದರೆ ಪರೀಕ್ಷೆಯನ್ನೇ ಮುಂದಕ್ಕೆ ಹಾಕುತ್ತಾರೆ. ಹಿಂದಿನ ದಿನ ಮದುವೆ ಬ್ಯಾಂಡು, ಟ್ರ್ಯಾಕ್ಟರು, ಪಟಾಕಿ ಬೇಡ. ಹಿಯರಿಂಗ್ ಏಡ್ ಇದ್ದರೆ ತೆಗೆದುಕೊಂಡು ಹೋಗಿ, ಪರೀಕ್ಷೆ ಮಾತ್ರ ಅದನ್ನು ತೆಗೆದೇ ಮಾಡುತ್ತಾರೆ. ಕಿವುಡು ಇರುವುದಕ್ಕಿಂತ ಜಾಸ್ತಿ ತೋರಿಸಲು ಹೋಗಬೇಡಿ. ಒಂದೇ ಸ್ವರವನ್ನು ಮತ್ತೆ ಮತ್ತೆ ಕೊಟ್ಟು ನೋಡುತ್ತಾರೆ, ನಾಟಕ ಆಡುವವನ ಉತ್ತರ ಪ್ರತಿ ಸಲ ಬೇರೆಯಾಗುತ್ತದೆ. ಬೆರಾದಲ್ಲಂತೂ ನೀವು ಗುಂಡಿ ಒತ್ತುವುದೇ ಇಲ್ಲ, ತಲೆಗೆ ಅಂಟಿಸಿದ ತಂತಿಯೇ ಹೇಳುತ್ತದೆ. ಡಾಕ್ಟರ್ ಕೇಳಿದ ಪ್ರಶ್ನೆ ಕೇಳಿಸದಿದ್ದರೆ ಸುಮ್ಮನೆ 'ಯೆಸ್ ಸರ್' ಅನ್ನಬೇಡಿ. ಸೇನೆಯ ಆ ಅಭ್ಯಾಸ ಬಿಡುವುದು ಕಷ್ಟ, ಗೊತ್ತು. 'ಕೇಳಿಸಲಿಲ್ಲ ಸರ್, ಇನ್ನೊಂದ್ಸಲ ಹೇಳಿ' ಅನ್ನಿ.